ತುಟಿ ಒಡೆಯುವುದು ನಿಲ್ಲಬೇಕಾದರೆ ಮೊದಲು ಬಿಡಬೇಕಾದದ್ದೇನು?

ಪ್ರಶ್ನೆ: ಮೂರು ತಿಂಗಳಿಂದ ನನ್ನ ತುಟಿಗಳು ಒಣಗಿ ಬಿರಿಯುತ್ತಿವೆ. ಸಿಪ್ಪೆ ಏಳುತ್ತದೆ, ಒಮ್ಮೊಮ್ಮೆ ರಕ್ತವೂ ಜಿನುಗುತ್ತದೆ. ನಾಲ್ಕಾರು ಬಗೆಯ ಲಿಪ್ ಬಾಮ್‌ಗಳನ್ನು ಬಳಸಿದ್ದೇನೆ. ಹಚ್ಚಿದ ಕೂಡಲೇ ತಂಪೆನಿಸುತ್ತದೆ, ಆದರೆ ಸ್ವಲ್ಪ ಹೊತ್ತಿಗೆಲ್ಲ ತುಟಿ ಮತ್ತೆ ಬಿಗಿದುಕೊಳ್ಳುತ್ತದೆ. ಈಗಂತೂ ಬಾಮ್ ಇಲ್ಲದೆ ಇರಲಾಗದ ಸ್ಥಿತಿ. ಮನೆಮದ್ದುಗಳನ್ನೂ ಮಾಡಿ ನೋಡಿದ್ದಾಯಿತು. ಉರಿ ಬರಿಸದ, ಸೌಮ್ಯವಾದ ಉತ್ಪನ್ನ ಯಾವುದು? ಲಿಪ್‌ಸ್ಟಿಕ್ ಬಿಡಬೇಕೇ? ವೈದ್ಯರನ್ನು ಕಾಣುವಷ್ಟು ದೊಡ್ಡ ತೊಂದರೆಯೇ ಇದು?

ಉತ್ತರ: ನೀವು ಬರೆದಿರುವುದರಲ್ಲಿ ನಾನು ಮೊದಲು ಗಮನಿಸಿದ್ದು ಆ ತಂಪಿನ ಮಾತನ್ನು. ತುಟಿಗೆ ಹಚ್ಚಿದ್ದು ತಂಪೆನಿಸುತ್ತದೆ ಅಥವಾ ಚುರುಗುಟ್ಟುತ್ತದೆ ಎಂದರೆ ಅದರಲ್ಲಿ ಮೆಂಥಾಲ್, ಕರ್ಪೂರ, ಪುದೀನ ಎಣ್ಣೆ, ನೀಲಗಿರಿ ಎಣ್ಣೆ ಇಂಥವುಗಳಲ್ಲಿ ಒಂದಾದರೂ ಇದೆ ಎಂದು ಬಹುಮಟ್ಟಿಗೆ ಹೇಳಬಹುದು. ಇವು ತುಟಿಗೆ ತೇವವನ್ನು ಕೊಡುವುದಿಲ್ಲ. ಅಲ್ಲಿನ ನರತುದಿಗಳನ್ನು ಪ್ರಚೋದಿಸಿ ತಂಪಾದ ಭಾವನೆಯನ್ನಷ್ಟೇ ಉಂಟುಮಾಡುತ್ತವೆ. ಆರೋಗ್ಯವಾಗಿರುವ ತುಟಿ ಇದನ್ನು ಸಹಿಸಿಕೊಳ್ಳುತ್ತದೆ. ಬಿರಿದ ತುಟಿಯಲ್ಲಿ ಇದೇ ವಸ್ತು ಒಳಪದರಗಳಿಗೆ ಇಳಿದು ಉರಿಯೂತವನ್ನು ಹೆಚ್ಚಿಸುತ್ತದೆ, ಉರಿಯೂತದಿಂದ ತುಟಿ ಇನ್ನಷ್ಟು ಒಣಗುತ್ತದೆ, ಒಣಗಿದ್ದಕ್ಕೆ ನೀವು ಮತ್ತೆ ಅದನ್ನೇ ಹಚ್ಚುತ್ತೀರಿ. ಲಿಪ್ ಬಾಮ್ ಚಟ ಹಿಡಿಸುತ್ತದೆ ಎಂದು ಜನ ಹೇಳುವುದು ಈ ಸುತ್ತನ್ನು ಕಂಡೇ. ಚಟ ಹಿಡಿಸುವ ವಸ್ತು ಯಾವ ಬಾಮಿನಲ್ಲಿಯೂ ಇಲ್ಲ. ತುಟಿಯನ್ನು ಕೆರಳಿಸುವ ವಸ್ತು ಹಲವು ಬಾಮ್‌ಗಳಲ್ಲಿ ಇದೆ. ವಾರಗಟ್ಟಲೆ ಆರೈಕೆ ಮಾಡಿದರೂ ವಾಸಿಯಾಗದ ತುಟಿಯನ್ನು ಪರೀಕ್ಷಿಸುವಾಗ ನಾನು ಹೊಸದಾಗಿ ಏನು ಹಚ್ಚಬೇಕೆಂದು ಯೋಚಿಸುವುದಕ್ಕಿಂತ ಮೊದಲು, ಈಗ ಹಚ್ಚುತ್ತಿರುವುದರಲ್ಲಿ ಯಾವುದನ್ನು ನಿಲ್ಲಿಸಬೇಕೆಂದು ಹುಡುಕುತ್ತೇನೆ. ನಿಮಗೂ ಅದೇ ದಾರಿಯನ್ನು ಸೂಚಿಸುತ್ತೇನೆ.

ತುಟಿ ಏಕೆ ಇಷ್ಟು ಬೇಗ ಸೋಲುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಸಲಹೆಗಳು ಸುಲಭವಾಗಿ ಅರ್ಥವಾಗುತ್ತವೆ. ತುಟಿಯ ಕೆಂಪು ಭಾಗದಲ್ಲಿ ಬೆವರಿನ ಗ್ರಂಥಿಗಳಿಲ್ಲ, ಕೂದಲ ಬುಡಗಳಿಲ್ಲ. ಚರ್ಮಕ್ಕೆ ಸಹಜವಾದ ಎಣ್ಣೆಯನ್ನು ಒದಗಿಸುವ ಗ್ರಂಥಿಗಳು ಕೂದಲ ಬುಡಕ್ಕೆ ಅಂಟಿಕೊಂಡಿರುವುದರಿಂದ, ಕೆಲವರ ತುಟಿಯಲ್ಲಿ ಬಿಳಿಯ ಸಣ್ಣ ಚುಕ್ಕೆಗಳಂತೆ ಕಾಣುವ ಒಂದಷ್ಟು ಗ್ರಂಥಿಗಳನ್ನು ಬಿಟ್ಟರೆ, ಆ ಸೌಲಭ್ಯವೂ ತುಟಿಗೆ ಇಲ್ಲ. ಒಳಗಿನ ನೀರು ಹೊರಗೆ ಆವಿಯಾಗದಂತೆ ತಡೆಯುವ ಮೇಲ್ಪದರವು ಮುಖದ ಉಳಿದ ಚರ್ಮಕ್ಕೆ ಹೋಲಿಸಿದರೆ ಬಹಳ ತೆಳು. ಒಳಗಿನ ರಕ್ತನಾಳಗಳ ಬಣ್ಣ ಹೊರಗೆ ಕೆಂಪಾಗಿ ತೋರುವುದಕ್ಕೆ ಇದೂ ಒಂದು ಕಾರಣ. ಹೀಗಾಗಿ ತುಟಿಯಿಂದ ನೀರು ಕೆನ್ನೆಯ ಚರ್ಮಕ್ಕಿಂತ ಬೇಗ ಆವಿಯಾಗಿ ಹೋಗುತ್ತದೆ. ಮಾತು, ಊಟ, ನಗು, ಆಕಳಿಕೆ ಎಂದು ದಿನವಿಡೀ ಹಿಗ್ಗಿ ಕುಗ್ಗುವ ಭಾಗವೂ ಇದೇ. ಒಣಗಿದ ಪದರ ಹಿಗ್ಗಲಾರದೆ ಸೀಳುತ್ತದೆ, ಆ ಸೀಳನ್ನೇ ನಾವು ಬಿರುಕು ಎನ್ನುತ್ತೇವೆ.

ಈ ತೆಳುವಾದ ಪದರಕ್ಕೆ ನಾವೇ ಮಾಡಿಕೊಳ್ಳುವ ಹಾನಿಯಲ್ಲಿ ಮೊದಲನೆಯದು ತುಟಿ ಸವರಿಕೊಳ್ಳುವ ಅಭ್ಯಾಸ. ನೀವು ಅದರ ಬಗ್ಗೆ ಏನನ್ನೂ ಬರೆದಿಲ್ಲ, ಬಹುಶಃ ಅದು ನಿಮ್ಮ ಗಮನಕ್ಕೆ ಬಂದಿರಲಾರದು. ತುಟಿ ಒಣಗಿದಾಗ ನಾಲಿಗೆ ತಾನಾಗಿಯೇ ಹೊರಬರುತ್ತದೆ. ಜೊಲ್ಲು ತಾಕಿದ ಒಂದೆರಡು ಕ್ಷಣ ಹಿತವೆನಿಸುತ್ತದೆ. ಆಮೇಲೆ ಅದು ಆವಿಯಾಗುವಾಗ ತುಟಿಯಲ್ಲಿದ್ದ ತೇವವನ್ನೂ ಕೊಂಡೊಯ್ಯುತ್ತದೆ. ಆಹಾರವನ್ನು ಜೀರ್ಣಿಸಲೆಂದು ಇರುವ ಕಿಣ್ವಗಳು ಜೊಲ್ಲಿನಲ್ಲಿ ಇರುವುದರಿಂದ ಅವು ಬಿರುಕಿನ ಒಳಗಿಳಿದು ಅಲ್ಲಿನ ಹಸಿ ಚರ್ಮವನ್ನು ಕೆರಳಿಸುತ್ತವೆ. ಈ ಅಭ್ಯಾಸ ಬಲಿತವರಲ್ಲಿ, ವಿಶೇಷವಾಗಿ ಮಕ್ಕಳಲ್ಲಿ, ಒಂದು ಗುರುತು ಸ್ಪಷ್ಟವಾಗಿ ಕಾಣುತ್ತದೆ: ತುಟಿಯ ಅಂಚನ್ನು ದಾಟಿ, ನಾಲಿಗೆ ಎಲ್ಲಿಯವರೆಗೆ ತಲುಪುತ್ತದೆಯೋ ಅಲ್ಲಿಯವರೆಗೆ ಮಾತ್ರ ಚರ್ಮ ಕೆಂಪಾಗಿ ಅಥವಾ ಕಪ್ಪಾಗಿ, ಒರಟಾಗಿ, ಬಾಯಿಯ ಸುತ್ತ ಉಂಗುರದಂತೆ ಕಾಣುತ್ತದೆ. ಆ ಉಂಗುರದ ಹೊರಗಿನ ಚರ್ಮ ಯಾವ ತೊಂದರೆಯೂ ಇಲ್ಲದೆ ಇರುತ್ತದೆ. ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು ನಿಮ್ಮ ಬಾಯಿಯ ಸುತ್ತ ಇಂಥ ಅಂಚೇನಾದರೂ ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಕಾರಣದ ಬಹುಪಾಲು ಸಿಕ್ಕಂತೆಯೇ. ನೆಕ್ಕಬಾರದು ಎಂದು ಮನಸ್ಸಿನಲ್ಲಿ ಅಂದುಕೊಂಡ ಮಾತ್ರಕ್ಕೆ ಈ ಅಭ್ಯಾಸ ಹೋಗುವುದಿಲ್ಲ. ತುಟಿಯ ಮೇಲೆ ಸದಾ ರುಚಿಯಿಲ್ಲದ, ಜಿಡ್ಡಾದ ಒಂದು ಲೇಪ ಇರುವಂತೆ ನೋಡಿಕೊಂಡರೆ ನಾಲಿಗೆ ಹೊರಬರುವುದು ತಾನಾಗಿ ಕಡಿಮೆಯಾಗುತ್ತದೆ. ಹಣ್ಣಿನ ರುಚಿಯ, ಸಿಹಿಯಾದ ಬಾಮ್‌ಗಳು ಇದಕ್ಕೆ ನೇರ ವಿರುದ್ಧವಾಗಿ ಕೆಲಸ ಮಾಡುತ್ತವೆ. ಮಕ್ಕಳಿಗೆ ಅಂಥ ಬಾಮ್ ಕೊಡಿಸುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಅದು ನೆಕ್ಕುವುದನ್ನೇ ಕಲಿಸುತ್ತದೆ. ಏಳುವ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಎಳೆಯುವುದೂ ಇದೇ ಸಾಲಿಗೆ ಸೇರಿದ್ದು. ಸಿಪ್ಪೆಯ ಒಂದು ತುದಿ ಸಡಿಲವಾಗಿದ್ದರೂ ಇನ್ನೊಂದು ತುದಿ ಜೀವಂತ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ನಿಮಗೆ ರಕ್ತ ಜಿನುಗುತ್ತಿರುವುದು ಬಹುಶಃ ಅಲ್ಲಿಂದಲೇ.

ಬೆಳಿಗ್ಗೆ ಏಳುವಾಗ ತುಟಿ ಹೆಚ್ಚು ಒಣಗಿದ್ದು, ಬಾಯಿಯೂ ಆರಿದ್ದರೆ, ರಾತ್ರಿ ನೀವು ಬಾಯಿಯಿಂದ ಉಸಿರಾಡುತ್ತಿರಬಹುದು. ಮೂಗು ಕಟ್ಟುವ ತೊಂದರೆ ಇರುವವರಲ್ಲಿ ಇದು ಸಾಮಾನ್ಯ, ಅಂಥವರಿಗೆ ಮೂಗಿನ ಚಿಕಿತ್ಸೆಯೇ ತುಟಿಯ ಚಿಕಿತ್ಸೆ. ಹವಾನಿಯಂತ್ರಿತ ಅಥವಾ ಹೀಟರ್ ಹಾಕಿದ ಕೋಣೆಯ ಒಣ ಗಾಳಿ, ಹೊರಗಿನ ಚಳಿಗಾಳಿ, ಬಿಸಿಲು ಇವೂ ತುಟಿಯನ್ನು ಒಣಗಿಸುತ್ತವೆ. ಮಲಗುವ ಕೋಣೆಯಲ್ಲಿ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಇಟ್ಟುಕೊಂಡರೆ ಸ್ವಲ್ಪ ಅನುಕೂಲವಾಗುತ್ತದೆ, ಆದರೆ ಅದರೊಳಗೆ ಬೂಷ್ಟು ಬೆಳೆಯದಂತೆ ಆಗಾಗ ಶುಚಿಗೊಳಿಸಬೇಕು. ನೀರು ಕುಡಿಯುವುದರ ಬಗ್ಗೆ ಜನರಲ್ಲಿ ಇರುವ ನಂಬಿಕೆ ಅತಿಯಾದದ್ದು ಎಂದು ನನ್ನ ಅಭಿಪ್ರಾಯ. ಮೈಯಲ್ಲಿ ನೀರು ಕಡಿಮೆಯಾಗಿದ್ದರೆ ತುಟಿ ಒಣಗುವುದು ನಿಜ. ಸಾಕಷ್ಟು ನೀರು ಕುಡಿಯುತ್ತಿರುವವರು ಇನ್ನೂ ಎರಡು ಲೋಟ ಹೆಚ್ಚು ಕುಡಿದ ಮಾತ್ರಕ್ಕೆ ಬಿರುಕು ಮುಚ್ಚುವುದಿಲ್ಲ. ನೀವು ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂಬುದನ್ನೂ ನೋಡಬೇಕು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಸೇವಿಸುವವರಲ್ಲಿ ತುಟಿ ಒಣಗುವುದು ಎಷ್ಟು ಸಾಮಾನ್ಯವೆಂದರೆ, ಒಣಗದಿದ್ದರೆ ರೋಗಿ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿಲ್ಲವೇನೋ ಎಂದು ವೈದ್ಯರಿಗೆ ಅನುಮಾನ ಬರುತ್ತದೆ. ಅಂಥ ಸಂದರ್ಭದಲ್ಲಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ, ಬರೆದುಕೊಟ್ಟವರೊಂದಿಗೆ ಮಾತನಾಡಿ.

ಇನ್ನು, ಜನ ಸುಲಭವಾಗಿ ಊಹಿಸದ ಒಂದು ಕಾರಣವಿದೆ, ಅದು ಟೂತ್‌ಪೇಸ್ಟ್. ಹಲ್ಲುಜ್ಜುವಾಗ ನೊರೆ ತುಟಿಯ ಮೇಲೆಲ್ಲ ಹರಡಿ ಕಟಬಾಯಿಯಿಂದ ಕೆಳಗಿಳಿಯುತ್ತದೆ, ದಿನಕ್ಕೆರಡು ಬಾರಿ, ತಪ್ಪದೆ. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ತುಟಿಯ ರಕ್ಷಣಾ ಪದರದ ಜಿಡ್ಡನ್ನು ತೊಳೆದುಬಿಡುತ್ತದೆ. ಪುದೀನ, ದಾಲ್ಚಿನ್ನಿ ಮುಂತಾದ ರುಚಿಕಾರಕಗಳು ಕೆಲವರಲ್ಲಿ ನಿಜವಾದ ಅಲರ್ಜಿಯನ್ನೇ ಉಂಟುಮಾಡುತ್ತವೆ. ಈ ಬಗೆಯ ಅಲರ್ಜಿ ಹಚ್ಚಿದ ಕೂಡಲೇ ತೋರಿಸಿಕೊಳ್ಳದೆ ಒಂದೆರಡು ದಿನಗಳ ನಂತರ ತೋರಿಸಿಕೊಳ್ಳುವುದರಿಂದ, ಮತ್ತು ವರ್ಷಗಟ್ಟಲೆ ಬಳಸಿದ ವಸ್ತುವಿಗೂ ಹೊಸದಾಗಿ ಹುಟ್ಟಿಕೊಳ್ಳಬಲ್ಲದಾದ್ದರಿಂದ, ಕಾರಣವೂ ಪರಿಣಾಮವೂ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತವೆ. ಬಾಮ್‌ಗಳಲ್ಲಿಯೇ ಅಲರ್ಜಿ ತರುವ ವಸ್ತುಗಳು ಕಡಿಮೆಯೇನಿಲ್ಲ. ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್ ಬಹುಪಾಲು ಜನರಿಗೆ ಹಿತಕರವಾದ ಒಳ್ಳೆಯ ಮೃದುಕಾರಿ. ಆದರೆ ಅಮೆರಿಕದ ಸಂಪರ್ಕಜನ್ಯ ಚರ್ಮರೋಗ ತಜ್ಞರ ಸಂಘವು 2023ರಲ್ಲಿ ಅದನ್ನೇ ‘ವರ್ಷದ ಅಲರ್ಜಿಕಾರಕ’ವೆಂದು ಹೆಸರಿಸಿ ವೈದ್ಯರ ಗಮನ ಸೆಳೆಯಿತು. ಜೇನುಮೇಣದಲ್ಲಿ ಪ್ರೊಪೊಲಿಸ್ ಎಂಬ ಅಂಟಿನ ಅಂಶ ಉಳಿದಿರಬಹುದು. ಹೊಳಪಿಗಾಗಿ ಸೇರಿಸುವ ಹರಳೆಣ್ಣೆ, ಕೆಡದಂತೆ ಕಾಪಾಡುವ ಪ್ರೊಪೈಲ್ ಗ್ಯಾಲೇಟ್, ಬಿಸಿಲು ತಡೆಯುವ ಆಕ್ಸಿಬೆನ್‌ಜೋನ್ ಇವುಗಳೂ ಅಪರೂಪಕ್ಕೆ ತುಟಿಗೆ ಒಗ್ಗುವುದಿಲ್ಲ. ನೈಸರ್ಗಿಕ ಎಂಬ ಹಣೆಪಟ್ಟಿ ಇದ್ದರೆ ಸಾಕು, ಅಪಾಯವಿಲ್ಲ ಎಂದು ನಂಬಬೇಡಿ. ತುಟಿಗೆ ಕೆಡುಕು ಮಾಡುವ ಸುಗಂಧ ತೈಲಗಳಲ್ಲಿ ಬಹಳಷ್ಟು ಗಿಡಮೂಲದಿಂದಲೇ ಬಂದವು.

ಹಾಗಾದರೆ ಹಚ್ಚುವುದೇನನ್ನು? ನನ್ನ ಉತ್ತರ ತೀರಾ ಹಳೆಯದು: ಬಣ್ಣ, ವಾಸನೆ, ರುಚಿ ಯಾವುದನ್ನೂ ಸೇರಿಸದ ಬಿಳಿ ಪೆಟ್ರೋಲಿಯಂ ಜೆಲ್ಲಿ. 1872ರಲ್ಲಿ ರಾಬರ್ಟ್ ಚೀಸ್‌ಬ್ರೋ ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದಾಗಿನಿಂದ ಎಷ್ಟೋ ಹೊಸ ಮುಲಾಮುಗಳು ಬಂದಿವೆ. ಚರ್ಮದಿಂದ ನೀರು ಆವಿಯಾಗುವುದನ್ನು ತಡೆಯುವ ಕೆಲಸದಲ್ಲಿ ಇದನ್ನು ಮೀರಿಸುವುದು ಅವುಗಳಿಗೆ ಸಾಧ್ಯವಾಗಿಲ್ಲ. ಪಾತ್ರೆಯ ಮೇಲೆ ಮುಚ್ಚಳವಿಟ್ಟಂತೆ ಇದರ ಕೆಲಸ. ಅಲರ್ಜಿ ತರುವುದು ಅತ್ಯಂತ ಅಪರೂಪ. ಪೆಟ್ರೋಲಿಯಂ ಎಂಬ ಹೆಸರು ಕೇಳಿ ಹೆದರುವವರಿದ್ದಾರೆ; ಔಷಧ ದರ್ಜೆಗೆ ಶುದ್ಧೀಕರಿಸಿದ ಜೆಲ್ಲಿ ತುಟಿಗೆ ಸುರಕ್ಷಿತ, ಊಟದ ಜೊತೆ ಅಷ್ಟಿಷ್ಟು ಹೊಟ್ಟೆಗೆ ಹೋದರೂ ಚಿಂತೆಯಿಲ್ಲ. ಜಿಡ್ಡು ಹಿಡಿಸದವರು ಡೈಮೆಥಿಕೋನ್, ಮಿನರಲ್ ಆಯಿಲ್, ಶಿಯಾ ಬೆಣ್ಣೆ ಅಥವಾ ಸೆರಮೈಡ್ ಇರುವ, ಸುಗಂಧವಿಲ್ಲದ ಬಾಮನ್ನು ಆರಿಸಿಕೊಳ್ಳಬಹುದು. ಗ್ಲಿಸರಿನ್ ಅಥವಾ ಹಯಾಲುರಾನಿಕ್ ಆಮ್ಲ ನೀರನ್ನು ಸೆಳೆದು ಹಿಡಿದುಕೊಳ್ಳುವ ವಸ್ತುಗಳು. ಅವನ್ನು ಹಚ್ಚಿ ಹಾಗೆಯೇ ಬಿಟ್ಟರೆ ಒಣ ಗಾಳಿಯಲ್ಲಿ ಹೆಚ್ಚು ಪ್ರಯೋಜನವಿಲ್ಲ, ಮೇಲೊಂದು ಜಿಡ್ಡಿನ ಲೇಪ ಬೇಕೇ ಬೇಕು.

ಹಚ್ಚುವ ಕ್ರಮದಲ್ಲಿಯೂ ಬಹಳಷ್ಟು ಇದೆ. ಜೆಲ್ಲಿ ತಾನಾಗಿ ತೇವವನ್ನು ಕೊಡುವುದಿಲ್ಲ, ಇರುವ ತೇವವನ್ನು ಹಿಡಿದಿಡುತ್ತದೆ; ಆದ್ದರಿಂದ ಪೂರ್ತಿ ಒಣಗಿದ ತುಟಿಗೆ ಹಚ್ಚಿದರೆ ಅರ್ಧ ಫಲವಷ್ಟೇ. ರಾತ್ರಿ ಮಲಗುವ ಮುನ್ನ ಮೆತ್ತನೆಯ ಶುಭ್ರ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ತುಟಿಯ ಮೇಲೆ ಕೆಲವು ನಿಮಿಷ ಒತ್ತಿ ಇಟ್ಟುಕೊಳ್ಳಿ. ಸಿಪ್ಪೆ ನೆನೆದು ಮೆತ್ತಗಾಗುತ್ತದೆ. ತಾನಾಗಿ ಬಿಟ್ಟುಕೊಂಡದ್ದು ಬಟ್ಟೆಯ ಜೊತೆ ಹೋಗಲಿ, ಉಳಿದದ್ದನ್ನು ಉಜ್ಜಬೇಡಿ, ಕೀಳಬೇಡಿ. ತುಟಿ ಇನ್ನೂ ತುಸು ಒದ್ದೆಯಾಗಿರುವಾಗಲೇ ಶುಚಿಯಾದ ಬೆರಳ ತುದಿಯಿಂದ ಜೆಲ್ಲಿಯನ್ನು ದಪ್ಪನಾಗಿ ಹಚ್ಚಿ. ಕಟಬಾಯಿಯ ಮೂಲೆಗಳನ್ನೂ ತುಟಿಯ ಅಂಚಿನಿಂದಾಚೆಗಿನ ಸ್ವಲ್ಪ ಚರ್ಮವನ್ನೂ ಸೇರಿಸಿಯೇ ಹಚ್ಚಿ. ಹಗಲಿನಲ್ಲಿ ಊಟ ತಿಂಡಿಯ ನಂತರ, ಮುಖ ತೊಳೆದ ನಂತರ, ಹೊರಗೆ ಹೊರಡುವ ಮೊದಲು ತೆಳುವಾಗಿ ಮತ್ತೆ ಹಚ್ಚುತ್ತಿರಿ. ಹಲ್ಲುಜ್ಜುವ ಮುನ್ನವೂ ಒಂದು ಲೇಪ ಇರಲಿ, ನೊರೆ ನೇರವಾಗಿ ತಾಗುವುದು ತಪ್ಪುತ್ತದೆ. ಉಜ್ಜಿದ ಮೇಲೆ ಬಾಯಿಯ ಸುತ್ತ ಬರಿಯ ನೀರಿನಿಂದ ತೊಳೆದು, ಒರೆಸದೆ ಒತ್ತಿ, ಮತ್ತೆ ಹಚ್ಚಿ.

ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂಬದಿಯಲ್ಲಿ ಬರೆದಿರುವ ಮಾತು ನಿಮ್ಮ ತುಟಿಯನ್ನು ಕಾಪಾಡುವುದಿಲ್ಲ. ಘಟಕಗಳನ್ನು ಸಾಮಾನ್ಯವಾಗಿ ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ, ಶೇ. 1ಕ್ಕಿಂತ ಕಡಿಮೆ ಇರುವವುಗಳನ್ನು ಕೊನೆಯಲ್ಲಿ ಯಾವ ಕ್ರಮದಲ್ಲಿಯಾದರೂ ಬರೆಯಬಹುದು. ಸುಗಂಧ ಮತ್ತು ರುಚಿಕಾರಕಗಳು ಅಡಗಿರುವುದು ಹೆಚ್ಚಾಗಿ ಈ ಬಾಲದಲ್ಲಿಯೇ: ಪರ್ಫ್ಯೂಮ್, ಫ್ರಾಗ್ರೆನ್ಸ್, ಅರೋಮಾ, ಫ್ಲೇವರ್ ಎಂಬ ಪದಗಳಲ್ಲಿ ಒಂದು ಕಂಡರೂ ಈಗಿನ ಸ್ಥಿತಿಯಲ್ಲಿ ಅದನ್ನು ಬಿಟ್ಟುಬಿಡಿ. ‘ಅನ್‌ಸೆಂಟೆಡ್’ ಎಂದು ಬರೆದಿರುವ ಉತ್ಪನ್ನದಲ್ಲಿ ಮೂಲ ವಾಸನೆಯನ್ನು ಮರೆಮಾಚಲು ಸುಗಂಧದ್ರವ್ಯ ಸೇರಿಸಿರುವುದುಂಟು. ‘ಫ್ರಾಗ್ರೆನ್ಸ್ ಫ್ರೀ’ ಎಂದಿರುವುದನ್ನು ಹುಡುಕಿ. ‘ಹೈಪೊಅಲರ್ಜೆನಿಕ್’ ಎಂಬುದು ಅಲರ್ಜಿಯೇ ಆಗುವುದಿಲ್ಲ ಎಂಬ ಖಾತರಿಯಲ್ಲ. ತುಟಿಯನ್ನು ಉಬ್ಬಿದಂತೆ ತೋರಿಸುವ ಪ್ಲಂಪರ್‌ಗಳು ಮೆಣಸಿನ ಅಥವಾ ದಾಲ್ಚಿನ್ನಿಯ ಸಾರದಿಂದ ತುಟಿಯನ್ನು ಕೆರಳಿಸಿಯೇ ಆ ಉಬ್ಬನ್ನು ತರುವುದರಿಂದ ಅವುಗಳ ಹತ್ತಿರ ಹೋಗಬೇಡಿ. ಘಟಕಗಳ ಪಟ್ಟಿ ಚಿಕ್ಕದಾದಷ್ಟೂ ಒಳ್ಳೆಯದು ಎಂಬುದು ನನ್ನ ಅನುಭವದ ಮಾತು. ತೊಂದರೆಯಾದರೂ ಯಾವುದರಿಂದ ಎಂದು ಹುಡುಕುವುದು ಆಗ ಸುಲಭ.

ಮನೆಮದ್ದುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕೊಬ್ಬರಿ ಎಣ್ಣೆ ಹಿತವಾದದ್ದೇ, ಆದರೆ ಬೇಗ ಹರಿದುಹೋಗುತ್ತದೆ, ನೀರನ್ನು ತಡೆಯುವ ಶಕ್ತಿಯೂ ಜೆಲ್ಲಿಗಿಂತ ಕಡಿಮೆ. ಜೇನುತುಪ್ಪ ತೇವವನ್ನು ಹಿಡಿಯಬಲ್ಲದಾದರೂ ಅದರ ಸಿಹಿಗೆ ನಾಲಿಗೆ ಸುಮ್ಮನಿರುವುದಿಲ್ಲ. ಸಕ್ಕರೆಯಿಂದ ಉಜ್ಜುವುದು, ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುವುದು ಬಿರಿದ ತುಟಿಗೆ ಗಾಯದ ಮೇಲೆ ಗಾಯ. ನಿಂಬೆರಸವನ್ನು ಮಾತ್ರ ಯಾವ ಕಾರಣಕ್ಕೂ ಹಚ್ಚಬೇಡಿ. ಅದರ ಆಮ್ಲ ಸುಡುತ್ತದೆ, ಮೇಲಾಗಿ ಅದು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಕ್ಕೆ ಎದ್ದು ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಯಾಗಬಹುದು.

ಈಗ ನೀವು ಮಾಡಬೇಕಾದದ್ದು ಇಷ್ಟು. ಇಂದಿನಿಂದ ಮೂರು ವಾರ, ಬಳಸುತ್ತಿರುವ ಎಲ್ಲ ಬಾಮ್‌ಗಳನ್ನೂ ಲಿಪ್‌ಸ್ಟಿಕ್ಕನ್ನೂ ಪೂರ್ತಿಯಾಗಿ ನಿಲ್ಲಿಸಿ; ಟೂತ್‌ಪೇಸ್ಟನ್ನು ರುಚಿಕಾರಕವಿಲ್ಲದ, ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಒಂದಕ್ಕೆ ಬದಲಿಸಿ; ಮೇಲೆ ಹೇಳಿದ ಕ್ರಮದಲ್ಲಿ ಜೆಲ್ಲಿಯೊಂದನ್ನೇ ಹಚ್ಚಿ. ಹುಳಿ, ಉಪ್ಪು, ಖಾರ ಹೆಚ್ಚಿರುವ ಆಹಾರ ಬಿರುಕಿಗೆ ತಾಗಿ ಉರಿಯುವುದರಿಂದ ಅದೂ ಕಡಿಮೆಯಾಗಲಿ. ಮೊದಲ ಕೆಲವು ದಿನ ತುಟಿ ಬಿಗಿದಂತೆನಿಸಿ, ಹಳೆಯ ಬಾಮಿನ ತಂಪಿಗಾಗಿ ಮನಸ್ಸು ಎಳೆಯಬಹುದು. ಆಗ ಬಿಟ್ಟುಕೊಡಬೇಡಿ. ಕೆರಳಿಸುವ ವಸ್ತುವೇ ಕಾರಣವಾಗಿದ್ದರೆ ಎರಡು ಮೂರು ವಾರಗಳಲ್ಲಿ ತುಟಿ ಗುಣವಾಗುತ್ತದೆ. ಆಮೇಲೆ ಲಿಪ್‌ಸ್ಟಿಕ್ ಮತ್ತೆ ಬೇಕೆನಿಸಿದರೆ ನೇರವಾಗಿ ತುಟಿಗೆ ಹಚ್ಚದೆ, ಮೊಣಕೈಯ ಒಳಮಡಿಕೆಯ ಬಳಿ ಸಣ್ಣ ಜಾಗದಲ್ಲಿ ದಿನಕ್ಕೆರಡು ಬಾರಿಯಂತೆ ಏಳರಿಂದ ಹತ್ತು ದಿನ ಹಚ್ಚಿ ನೋಡಿ. ಕೆಂಪಾಗದೆ, ತುರಿಸದೆ ಇದ್ದರೆ ತುಟಿಗೆ ತನ್ನಿ. ಒಂದು ಬಾರಿಗೆ ಒಂದೇ ಹೊಸ ವಸ್ತು. ಮ್ಯಾಟ್ ಬಗೆಯ, ದಿನವಿಡೀ ಅಳಿಸದ ಲಿಪ್‌ಸ್ಟಿಕ್‌ಗಳು ಹೆಚ್ಚು ಒಣಗಿಸುತ್ತವೆ; ಕೆನೆಯಂಥವು ಮೇಲು.

ಬಿಸಿಲಿನಲ್ಲಿ ಓಡಾಡುವ ಕೆಲಸವಿದ್ದರೆ, ತುಟಿ ಗುಣವಾದ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) 30 ಅಥವಾ ಅದಕ್ಕಿಂತ ಹೆಚ್ಚಿರುವ ಬಾಮನ್ನು ಎರಡು ಗಂಟೆಗೊಮ್ಮೆ ಹಚ್ಚಿಕೊಳ್ಳಿ, ಅದರಲ್ಲಿ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರಲಿ. ಪೆಟ್ರೋಲಿಯಂ ಜೆಲ್ಲಿ ಬಿಸಿಲಿನಿಂದ ರಕ್ಷಣೆ ಕೊಡುವುದಿಲ್ಲ. ಕೆಳತುಟಿಗೆ ವರ್ಷಗಟ್ಟಲೆ ಬಿಸಿಲು ಬಿದ್ದವರಲ್ಲಿ ತುಟಿಯ ಅಂಚು ಮಸುಕಾಗಿ, ಮರಳು ಕಾಗದದಂತೆ ಒರಟಾಗಿ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಿಪ್ಪೆ ಏಳುತ್ತಿದ್ದರೆ ಅದು ಸಾಮಾನ್ಯ ಬಿರುಕಲ್ಲ. ಮುಂದೆ ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ ಅದು, ತಡಮಾಡದೆ ತೋರಿಸಬೇಕು.

ವೈದ್ಯರನ್ನು ಕಾಣಬೇಕೇ ಎಂದು ಕೇಳಿದ್ದೀರಿ. ಮೂರು ವಾರ ನಿಷ್ಠೆಯಿಂದ ಮೇಲಿನಂತೆ ಮಾಡಿಯೂ ಗುಣ ಕಾಣದಿದ್ದರೆ ಖಂಡಿತ ಕಾಣಬೇಕು. ಬಿರುಕು ಕಟಬಾಯಿಯ ಎರಡು ಮೂಲೆಗಳಲ್ಲಿಯೇ ಇದ್ದರೆ ಕ್ಯಾಂಡಿಡಾ ಎಂಬ ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಸೇರಿಕೊಂಡಿರಬಹುದು, ಅಥವಾ ಕಬ್ಬಿಣಾಂಶ, ಬಿ ಗುಂಪಿನ ವಿಟಮಿನ್‌ಗಳ ಕೊರತೆ ಇರಬಹುದು. ಅದಕ್ಕೆ ಬೇರೆ ಔಷಧ, ಬೇರೆ ಪರೀಕ್ಷೆ. ಮೊದಲು ಜುಮ್ಮೆಂದು ಆಮೇಲೆ ನೀರುಗುಳ್ಳೆಗಳ ಗೊಂಚಲು ಏಳುತ್ತಿದ್ದರೆ ಅದು ಹರ್ಪಿಸ್ ವೈರಸ್ಸಿನ ಸೋಂಕು, ಆಗ ಬಾಮನ್ನೂ ಟವೆಲನ್ನೂ ಯಾರೊಂದಿಗೂ ಹಂಚಿಕೊಳ್ಳಬೇಡಿ. ಔಷಧದ ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮನ್ನು ನೀವೇ ತಂದು ಹಚ್ಚುವುದನ್ನು ಮಾತ್ರ ಮಾಡಬೇಡಿ. ಎರಡು ದಿನದಲ್ಲಿ ಕೆಂಪು ಇಳಿಯುವುದರಿಂದ ಅದು ಪವಾಡದಂತೆ ತೋರುತ್ತದೆ. ವಾರಗಟ್ಟಲೆ ಮುಂದುವರಿಸಿದರೆ ಚರ್ಮ ತೆಳುವಾಗುತ್ತದೆ, ಬಾಯಿಯ ಸುತ್ತ ಗುಳ್ಳೆಗಳು ಏಳುತ್ತವೆ, ನಿಲ್ಲಿಸಿದರೆ ಅವು ಇನ್ನೂ ಹೆಚ್ಚುತ್ತವೆ.

ಅಲರ್ಜಿಯ ಅನುಮಾನ ಬಂದರೆ ಚರ್ಮವೈದ್ಯರು ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ಅನುಮಾನದ ವಸ್ತುಗಳನ್ನು ಚಿಕ್ಕ ಚಿಕ್ಕ ಬಿಲ್ಲೆಗಳಲ್ಲಿ ತುಂಬಿ ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡಿ, ಮತ್ತೆ 72ರಿಂದ 96 ಗಂಟೆಗಳ ನಡುವೆ ಇನ್ನೊಮ್ಮೆ ನೋಡುತ್ತಾರೆ. ಅಷ್ಟೂ ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ. ಆ ಭೇಟಿಗೆ ಹೋಗುವಾಗ ಬಳಸಿದ ಪ್ರತಿಯೊಂದು ಬಾಮ್, ಲಿಪ್‌ಸ್ಟಿಕ್, ಟೂತ್‌ಪೇಸ್ಟ್, ಮೌತ್‌ವಾಶ್, ಮುಖದ ಕ್ರೀಮ್, ಉಗುರುಬಣ್ಣವನ್ನೂ ಕೂಡ, ಅದರ ಪೊಟ್ಟಣದ ಸಮೇತ ತೆಗೆದುಕೊಂಡು ಹೋಗಿ. ಉಗುರುಬಣ್ಣ ಏಕೆಂದರೆ ಬೆರಳು ಮತ್ತೆ ಮತ್ತೆ ತುಟಿಯನ್ನು ಮುಟ್ಟುತ್ತದೆ. ಬೇರೆ ಯಾರಾದರೂ ಬಳಸಿದ್ದು ನಿಮ್ಮ ತುಟಿಗೆ ತಾಗುವ ಸಂದರ್ಭವಿದ್ದರೆ ಅದನ್ನೂ ಸಂಕೋಚಪಡದೆ ತಿಳಿಸಿ. ಸಿದ್ಧವಾಗಿ ಬರುವ ಪರೀಕ್ಷಾ ದ್ರವ್ಯಗಳಲ್ಲಿ ಸಿಗದ ಕಾರಣ ಎಷ್ಟೋ ಬಾರಿ ರೋಗಿ ತಂದ ಚೀಲದಲ್ಲಿಯೇ ಸಿಗುತ್ತದೆ.